ಬೆಳಕನ್ನೂ ಬಿಡದ ಕಪ್ಪುಕುಳಿ ಇಷ್ಟು ಹೊಳೆಯುವುದು ಹೇಗೆ? ಇಷ್ಟು ಬೇಗ ಬೆಳೆದದ್ದು ಹೇಗೆ?

ಮಲೆನಾಡ_ಆಕಾಶ
ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರು ಕಡೆಯವನು. ಈ ಬೇಸಿಗೆಯಲ್ಲಿ ನನ್ನ 8 ಇಂಚಿನ ಟೆಲಿಸ್ಕೋಪಿನಲ್ಲಿ 3ಸಿ 273 ನೋಡಲೇಬೇಕು ಅಂತ ಇದ್ದೇನೆ. ಕನ್ಯಾ ರಾಶಿಯಲ್ಲಿರುವ ಕ್ವೇಸಾರ್ ಅದು, ಅಂದರೆ ದೂರದ ಗ್ಯಾಲಕ್ಸಿಯ ನಡುವೆ ಭಾರೀ ಕಪ್ಪುಕುಳಿ ಇರುವ ಜಾಗದಿಂದ ಬರುವ ಪ್ರಖರ ಬೆಳಕು. 1963ರಲ್ಲಿ ಮಾರ್ಟೆನ್ ಶ್ಮಿಟ್ ಅದರ ಬೆಳಕನ್ನು ಬಿಡಿಸಿ ನೋಡಿದಾಗ ಗೊತ್ತಾಯಿತು, ನಕ್ಷತ್ರದ ಹಾಗೆ ಕಾಣುವ ಈ ಚುಕ್ಕಿ 200 ಕೋಟಿ ಜ್ಯೋತಿರ್ವರ್ಷಕ್ಕೂ ಆಚೆ ಇದೆ ಅಂತ. ಅಷ್ಟು ದೂರದಿಂದ ಮನೆಯ ಟೆಲಿಸ್ಕೋಪಿಗೆ ಸಿಗುತ್ತದೆ ಅಂದರೆ ಎಷ್ಟು ಪ್ರಖರ ಇರಬೇಕು!

ಓದುತ್ತಾ ಹೋದ ಹಾಗೆ ಎರಡು ಕಡೆ ಸಿಕ್ಕಿಹಾಕಿಕೊಂಡೆ. ಬೆಳಕೇ ಹೊರಬರದ ಕಪ್ಪುಕುಳಿಯಿಂದ ಇಷ್ಟು ಬೆಳಕು ಎಲ್ಲಿಂದ ಬಂತು? ಇನ್ನೊಂದು, ಮಹಾಸ್ಫೋಟ ಆಗಿ 69 ಕೋಟಿ ವರ್ಷ ಕಳೆಯುವಷ್ಟರಲ್ಲೇ 80 ಕೋಟಿ ಸೂರ್ಯರ ತೂಕದ ಕಪ್ಪುಕುಳಿ ಇತ್ತು. ಯುಎಲ್‌ಎಎಸ್ ಜೆ1342+0928 ಅಂತ ಹೆಸರು, 2017ರಲ್ಲಿ ಪ್ರಕಟವಾದದ್ದು. ದೊಡ್ಡ ನಕ್ಷತ್ರ ಸತ್ತರೆ ಕಪ್ಪುಕುಳಿ ಆಗುತ್ತದೆ ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಒಂದು ನಕ್ಷತ್ರದಷ್ಟಿದ್ದದ್ದು ಅಷ್ಟರಲ್ಲಿ ಅಷ್ಟು ದೊಡ್ಡದಾಗಿದ್ದು ಹೇಗೆ? ಗೊತ್ತಿರುವವರು ಬಿಡಿಸಿ ಹೇಳಿ. ಲೆಕ್ಕ ಬಂದರೂ ಪರವಾಗಿಲ್ಲ, ಲೆಕ್ಕ ಬೇಕು.

ಮೂಡಿಗೆರೆ_ಮಳೆ
ಕಪ್ಪುಕುಳಿ ಬಲವಾಗಿ ಎಳೆಯುತ್ತದೆ, ಸುತ್ತಮುತ್ತ ಇರುವುದನ್ನೆಲ್ಲ ನುಂಗುತ್ತದೆ. ಅದಕ್ಕೇ ಬೇಗ ಬೆಳೆಯುತ್ತದೆ. ಅಷ್ಟೇ ಅಲ್ವಾ?

ಬೇಲೂರು_ಹುಡುಗಿ
ಅಷ್ಟೇ ಅಲ್ಲ ಅಣ್ಣ. ಸೂರ್ಯನ ಜಾಗದಲ್ಲಿ ಅಷ್ಟೇ ತೂಕದ ಕಪ್ಪುಕುಳಿ ಇಟ್ಟರೂ ಭೂಮಿ ಈಗಿನ ದಾರಿಯಲ್ಲೇ ಸುತ್ತುತ್ತಿರುತ್ತದೆ. ಕತ್ತಲೆ ಆಗುತ್ತದೆ, ಹೆಪ್ಪುಗಟ್ಟುತ್ತದೆ, ಆದರೆ ಒಳಗೆ ಬೀಳುವುದಿಲ್ಲ. ನಮ್ಮ ಆಕಾಶಗಂಗೆಯ ನಡುಮಧ್ಯೆ 40 ಲಕ್ಷ ಸೂರ್ಯರ ತೂಕದ್ದು ಕೂತಿದೆ. ಎಸ್2 ಅನ್ನುವ ನಕ್ಷತ್ರ 16 ವರ್ಷಕ್ಕೊಮ್ಮೆ ಅದನ್ನು ಸುತ್ತಿ ಬರುತ್ತದೆ, ಏನೂ ಆಗಿಲ್ಲ. ಕಪ್ಪುಕುಳಿಗೆ ತಿನ್ನಿಸುವುದೇ ಕಷ್ಟದ ಕೆಲಸ. ಅದು ಅರ್ಥವಾದರೆ ಬೆಳಕು ಎಲ್ಲಿಂದ ಅನ್ನುವುದೂ ಅರ್ಥವಾಗುತ್ತದೆ.

ಫಿಸಿಕ್ಸ್_ಮೇಷ್ಟ್ರು_ಹಾಸನ
ಒಳ್ಳೆ ಪ್ರಶ್ನೆ. ಬೆಳಕು ಕುಳಿಯ ಒಳಗಿಂದ ಬರುವುದಿಲ್ಲ. ಬೀಳುವುದಕ್ಕೆ ಮುಂಚೆ ಹೊರಗೆ ಸುತ್ತುವ ಅನಿಲದಿಂದ ಬರುತ್ತದೆ.

ಗ್ಯಾಲಕ್ಸಿಯಲ್ಲಿರುವ ಯಾವ ಅನಿಲವೂ ಸುಮ್ನೆ ನಿಂತಿರುವುದಿಲ್ಲ, ಸ್ವಲ್ಪವಾದರೂ ತಿರುಗುತ್ತಿರುತ್ತದೆ. ಒಳಗೆ ಸರಿದಷ್ಟೂ ವೇಗ ಹೆಚ್ಚುತ್ತದೆ. ಆ ತಿರುಗುವಿಕೆಯೇ ಅದನ್ನು ಬೀಳದಂತೆ ತಡೆಯುವುದು. ಹಾಗಾಗಿ ಅನಿಲ ಕುಳಿಯ ಸುತ್ತ ಒಂದು ಚಪ್ಪಟೆ ತಟ್ಟೆಯಾಗಿ ಹರಡಿಕೊಳ್ಳುತ್ತದೆ. ಒಳಸುತ್ತು ಬೇಗ, ಹೊರಸುತ್ತು ನಿಧಾನ. ಎರಡರ ಮಧ್ಯೆ ತಿಕ್ಕಾಟ. ಆ ತಿಕ್ಕಾಟದಲ್ಲಿ ಒಳಗಿನ ಅನಿಲ ತನ್ನ ಕೋನೀಯ ಸಂವೇಗವನ್ನು, ಅಂದರೆ ತಿರುಗುವಿಕೆಯ ಪಾಲನ್ನು, ಹೊರಗಿನದಕ್ಕೆ ಕೊಟ್ಟು ತಾನು ಕೆಳಗೆ ಜಾರುತ್ತದೆ, ಜಾರುವಾಗ ಕಾಯುತ್ತದೆ, ಕಾದದ್ದು ಬೆಳಗುತ್ತದೆ. ಈ ತಟ್ಟೆಯ ಲೆಕ್ಕವನ್ನು 1973ರಲ್ಲಿ ಶಾಕುರಾ ಮತ್ತು ಸುನ್ಯಾಯೆವ್ ಬರೆದುಕೊಟ್ಟರು. ಆದರೆ ಇಷ್ಟು ತೆಳ್ಳಗಿನ ಅನಿಲದಲ್ಲಿ ಅಷ್ಟು ತಿಕ್ಕಾಟ ಎಲ್ಲಿಂದ ಅಂತ ಬಹಳ ವರ್ಷ ಬಗೆಹರಿದಿರಲಿಲ್ಲ. 1991ರಲ್ಲಿ ಬಾಲ್ಬಸ್ ಮತ್ತು ಹಾಲಿ, ದುರ್ಬಲ ಕಾಂತಕ್ಷೇತ್ರ ಇದ್ದರೂ ಸಾಕು, ತಿರುಗುವ ತಟ್ಟೆ ತಾನಾಗಿಯೇ ಕದಡಿಹೋಗುತ್ತದೆ ಅಂತ ತೋರಿಸಿದರು.

ಈಗ ಎಷ್ಟು ಬೆಳಕು ಅನ್ನುವುದಕ್ಕೆ ಬರೋಣ. ಸೂರ್ಯನಲ್ಲಿ ಹೈಡ್ರೋಜನ್ ಹೀಲಿಯಂ ಆದಾಗ ಅದರ ದ್ರವ್ಯರಾಶಿಯಲ್ಲಿ ಶಕ್ತಿಯಾಗುವುದು 0.7% ಮಾತ್ರ. ತಿರುಗದೇ ಇರುವ ಕಪ್ಪುಕುಳಿಯ ಸುತ್ತ ಇಳಿಯುವ ಅನಿಲ ಸುಮಾರು 6% ಕೊಡುತ್ತದೆ. ಕುಳಿ ತುಂಬಾ ವೇಗವಾಗಿ ತಿರುಗುತ್ತಿದ್ದರೆ 42% ತನಕ ಹೋಗಬಹುದು. ಸಾಮಾನ್ಯವಾಗಿ ಎಲ್ಲರೂ 10% ಹಿಡಿಯುತ್ತಾರೆ. ಕ್ವೇಸಾರ್‌ಗೆ ಶಕ್ತಿ ಇಲ್ಲಿಂದಲೇ ಬರುತ್ತಿರಬೇಕು ಅಂತ 1964ರಲ್ಲೇ ಅಮೆರಿಕದಲ್ಲಿ ಸಾಲ್ಪೀಟರ್, ರಷ್ಯಾದಲ್ಲಿ ಝೆಲ್ಡೊವಿಚ್ ಬೇರೆ ಬೇರೆಯಾಗಿ ಹೇಳಿದರು.

3ಸಿ 273 ಸೂರ್ಯನ ಸುಮಾರು 4 ಲಕ್ಷ ಕೋಟಿ ಪಟ್ಟು ಬೆಳಗುತ್ತದೆ. 10% ಲೆಕ್ಕದಲ್ಲಿ ವರ್ಷಕ್ಕೆ ಎರಡೂವರೆಯಿಂದ ಮೂರು ಸೂರ್ಯರಷ್ಟು ಅನಿಲ ಸಾಕು. ಇನ್ನೂ ಹತ್ತಿರದಿಂದ ನೋಡಬೇಕು ಅಂದರೆ, ಸುಮಾರು ಅರ್ಧ ನಿಮಿಷಕ್ಕೆ ಒಂದು ಭೂಮಿ.

ಅರಸೀಕೆರೆ_ಎಕ್ಸ್‌ಪ್ರೆಸ್
ಅರ್ಧ ನಿಮಿಷಕ್ಕೊಂದು ಭೂಮಿ! ಮೇಷ್ಟ್ರೇ, ಈ ಸಾಲು ನಮ್ಮ ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ.

ಹೇಮಾವತಿ_ದಂಡೆ
ಅದಕ್ಕೇ ಕುಳಿ ದೊಡ್ಡದಾದಷ್ಟೂ ತಟ್ಟೆ ಜಾಸ್ತಿ ಬಿಸಿ, ಎಕ್ಸ್-ರೇ ಬರುವುದು ಅದರಿಂದ.

ಬೇಲೂರು_ಹುಡುಗಿ
ಉಲ್ಟಾ ಸರ್. ಕುಳಿ ದೊಡ್ಡದಾದಷ್ಟೂ ತಟ್ಟೆ ತಣ್ಣಗೆ. ಹತ್ತು ಸೂರ್ಯರ ಕುಳಿಯ ಸುತ್ತ ತಟ್ಟೆಯ ಒಳ ಅಂಚು ಕೋಟಿ ಡಿಗ್ರಿಗೆ ಹೋಗುತ್ತದೆ, ನೇರವಾಗಿ ಎಕ್ಸ್-ರೇ ಸೂಸುತ್ತದೆ. ಹತ್ತು ಕೋಟಿ ಸೂರ್ಯರ ಕುಳಿಗೆ ಅದು ಲಕ್ಷ ಡಿಗ್ರಿಯ ಆಸುಪಾಸು, ಹಾಗಾಗಿ ಅಲ್ಟ್ರಾವಯೊಲೆಟ್ ಜಾಸ್ತಿ. ಬೆಳಕು ಹೆಚ್ಚಾದರೂ ತಟ್ಟೆಯ ಮೈ ಅದಕ್ಕಿಂತ ಹೆಚ್ಚು ದೊಡ್ಡದಾಗುತ್ತದೆ. ಕ್ವೇಸಾರ್‌ನ ಎಕ್ಸ್-ರೇ ಬರುವುದು ತಟ್ಟೆಯ ಹತ್ತಿರವೇ ಇರುವ ಕರೋನಾ ಅನ್ನುವ ನೂರು ಕೋಟಿ ಡಿಗ್ರಿಯ ಅನಿಲದ ಪದರದಿಂದ. ಅಲ್ಲಿರುವ ಎಲೆಕ್ಟ್ರಾನ್‌ಗಳು ತಟ್ಟೆಯ ಬೆಳಕಿಗೆ ಡಿಕ್ಕಿ ಹೊಡೆದು ಅದನ್ನು ಎಕ್ಸ್-ರೇ ಮಟ್ಟಕ್ಕೆ ಏರಿಸುತ್ತವೆ.

ಹೇಮಾವತಿ_ದಂಡೆ
ಸರಿ, ಕರೋನಾ ಒಪ್ಪಿದೆ. ಹತ್ತು ಕೋಟಿ ಸೂರ್ಯರಿಗಿಂತ ದೊಡ್ಡ ಕುಳಿಯ ಹತ್ತಿರ ಸೂರ್ಯನಂಥ ನಕ್ಷತ್ರ ಹೋದರೆ ಹರಿದುಹೋಗದೆ ಇಡಿಯಾಗಿ ಒಳಗೆ ಹೋಗುತ್ತದೆ ಅಂತ ಓದಿದ್ದೆ, ಅದೂ ಈ ಗಾತ್ರದ ವಿಷಯವೇ ಅಲ್ವಾ?

ಬೇಲೂರು_ಹುಡುಗಿ
ಹೌದು. ಗಾತ್ರ ದೊಡ್ಡದಾದರೆ ಅಂಚಿನಲ್ಲಿ ಎಳೆತದ ವ್ಯತ್ಯಾಸ ಕಡಿಮೆ. ಚಿಕ್ಕದಾದರೆ ನಕ್ಷತ್ರವನ್ನು ಹೊರಗೇ ಹರಿದು ಹಾಕುತ್ತದೆ, ಆಗ ಕೆಲವು ತಿಂಗಳು ಗ್ಯಾಲಕ್ಸಿಯ ನಡುಭಾಗ ಧಗಧಗ ಅನ್ನುತ್ತದೆ.

ಕಡೂರು_ಬಯಲು
ನನ್ನದೊಂದು ಅನುಮಾನ. ಅದು ಕಪ್ಪುಕುಳಿಯೇ ಅಂತ ಹೇಗೆ ಹೇಳುತ್ತೀರಿ? ತುಂಬಾ ನಕ್ಷತ್ರ ಒಂದೇ ಕಡೆ ಒತ್ತೊತ್ತಾಗಿ ಇರಬಹುದಲ್ಲ?

ಫಿಸಿಕ್ಸ್_ಮೇಷ್ಟ್ರು_ಹಾಸನ
ಇದನ್ನೇ ಆಗ ದೊಡ್ಡ ದೊಡ್ಡವರೂ ಕೇಳಿದ್ದರು. ಮೊದಲ ಸುಳಿವು ಬೆಳಕಿನ ಏರಿಳಿತ. ಕೆಲವು ಕ್ವೇಸಾರ್‌ಗಳ ಹೊಳಪು ದಿನಗಳಲ್ಲಿ ಬದಲಾಗುತ್ತದೆ. ಬೆಳಕಿಗೇ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಲು ವರ್ಷ ಬೇಕಾಗುವಷ್ಟು ದೊಡ್ಡ ವಸ್ತು ನಾಲ್ಕು ದಿನದಲ್ಲಿ ಒಟ್ಟಾಗಿ ಮಂಕಾಗಲಾರದು. ಅಂದರೆ ಇಡೀ ಗ್ಯಾಲಕ್ಸಿಯನ್ನು ಮೀರಿಸುವ ಬೆಳಕು ನಮ್ಮ ಸೌರವ್ಯೂಹದಷ್ಟು ಜಾಗದಿಂದ ಬರುತ್ತಿದೆ.

ಎರಡನೆಯದು ಅನಿಲದ ವೇಗ. ಕುಳಿಯ ಹತ್ತಿರದ ಮೋಡಗಳು ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ಓಡುತ್ತವೆ, ಅದರಿಂದ ರೋಹಿತದ (ಬಣ್ಣಗಳಾಗಿ ಬಿಡಿಸಿದ ಬೆಳಕಿನ) ಗೆರೆಗಳು ಅಗಲವಾಗುತ್ತವೆ. 1943ರಲ್ಲಿ ಕಾರ್ಲ್ ಸೇಫರ್ಟ್ ಕೆಲವು ಗ್ಯಾಲಕ್ಸಿಗಳ ನಡುವೆ ನೋಡಿದ್ದು ಇಂಥ ಗೆರೆಗಳನ್ನೇ. 2018ರಲ್ಲಿ ಚಿಲಿಯ ನಾಲ್ಕು ದೊಡ್ಡ ಟೆಲಿಸ್ಕೋಪುಗಳ ಬೆಳಕನ್ನು ಒಟ್ಟು ಸೇರಿಸಿದ ಗ್ರಾವಿಟಿ ಉಪಕರಣ 3ಸಿ 273ರ ಸುತ್ತ ಈ ಮೋಡಗಳು ತಿರುಗುವುದನ್ನೇ ಬಿಡಿಸಿ ನೋಡಿತು. ಕುಳಿಯ ತೂಕ ಸುಮಾರು 30 ಕೋಟಿ ಸೂರ್ಯರು ಅಂತ ಬಂತು.

ಇನ್ನು 2019ರ ಏಪ್ರಿಲ್ 10ರಂದು ಬಂದ ಎಂ87 ಗ್ಯಾಲಕ್ಸಿಯ ಕುಳಿಯ ಚಿತ್ರ ಎಲ್ಲರೂ ನೋಡಿದ್ದೀರಿ. 650 ಕೋಟಿ ಸೂರ್ಯರ ಕುಳಿ. ಒಂದು ಸೂರ್ಯನಿಗೆ 3 ಕಿಲೋಮೀಟರ್ ತ್ರಿಜ್ಯ ಅಂತ ಹಿಡಿದು ಗುಣಿಸಿ. ಸುಮಾರು 1,950 ಕೋಟಿ ಕಿಲೋಮೀಟರ್, ಸೂರ್ಯನಿಂದ ನೆಪ್ಚೂನ್‌ಗೆ ಇರುವ ದೂರದ ನಾಲ್ಕು ಪಟ್ಟಿಗೂ ಜಾಸ್ತಿ. ಅಷ್ಟು ತೂಕದ ನಕ್ಷತ್ರಗಳನ್ನು ಅಷ್ಟರೊಳಗೆ ತುಂಬಿದರೆ ಅವು ನಕ್ಷತ್ರಗಳಾಗಿ ಉಳಿಯುವುದಿಲ್ಲ.

ಸಾಲಗಾಮೆ_ರೋಡ್
ಇದನ್ನೆಲ್ಲ ನೋಡುವ ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹವನ್ನು ನಡೆಸುವುದು ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನಿಂದಲೇ ತಾನೇ? ಹಾಸನದವರು ಹೆಮ್ಮೆ ಪಡಬೇಕು.

ಹೇಮಾವತಿ_ದಂಡೆ
ಹೆಮ್ಮೆ ಪಡೋಣ, ಆದರೆ ಆಸ್ಟ್ರೋಸ್ಯಾಟ್ ಇಲ್ಲಿಂದ ಅಲ್ಲ. 1982ರಿಂದ ಹಾಸನದಲ್ಲಿ ನೋಡಿಕೊಳ್ಳುತ್ತಿರುವುದು 36,000 ಕಿಲೋಮೀಟರ್ ಎತ್ತರದ ಇನ್ಸ್ಯಾಟ್, ಜಿಸ್ಯಾಟ್, ನಾವಿಕ್ ಥರದವು. 2015ರ ಸೆಪ್ಟೆಂಬರ್ 28ಕ್ಕೆ ಹಾರಿದ ಆಸ್ಟ್ರೋಸ್ಯಾಟ್ ಇರುವುದು 650 ಕಿಲೋಮೀಟರ್ ಎತ್ತರದಲ್ಲಿ. ಅದರ ಉಸ್ತುವಾರಿ ಬೆಂಗಳೂರಿನಲ್ಲಿರುವ ಇಸ್ರೋದ ಇಸ್ಟ್ರಾಕ್ ಕೇಂದ್ರದ್ದು. ಅಲ್ಟ್ರಾವಯೊಲೆಟ್ ಮತ್ತು ಎಕ್ಸ್-ರೇ ಎರಡನ್ನೂ ಒಟ್ಟಿಗೇ ನೋಡುವುದು ಅದರ ವಿಶೇಷ. ಮೇಲೆ ಹೇಳಿದ ತಟ್ಟೆ ಮತ್ತು ಕರೋನಾ ಎರಡರ ಮೇಲೂ ಏಕಕಾಲಕ್ಕೆ ಕಣ್ಣಿಡಬಹುದು.

ಅರಸೀಕೆರೆ_ಎಕ್ಸ್‌ಪ್ರೆಸ್
ಎಲ್ಲ ಚೆನ್ನಾಗಿದೆ. ಆದರೆ ಕೇಳಲೇಬೇಕು ಅನ್ನಿಸುತ್ತಿದೆ. ಕೋಟಿ ಕೋಟಿ ಜ್ಯೋತಿರ್ವರ್ಷ ದೂರದ್ದು ತಿಳಿದು ನಮಗೆ ಆಗಬೇಕಾದ್ದೇನು?

ಸಾಲಗಾಮೆ_ರೋಡ್
ಎಲ್ಲದಕ್ಕೂ ಉಪಯೋಗ ಕೇಳಬಾರದು ಅಣ್ಣ.

ಫಿಸಿಕ್ಸ್_ಮೇಷ್ಟ್ರು_ಹಾಸನ
ಕೇಳಲಿ ಬಿಡಿ, ಉತ್ತರ ಇದೆ. ನಿಮ್ಮ ಫೋನಿನ ಮ್ಯಾಪ್ ಸರಿಯಾದ ದಾರಿ ತೋರಿಸುವುದರ ಹಿಂದೆ ಕ್ವೇಸಾರ್‌ಗಳಿವೆ. ಉಪಗ್ರಹ ಎಲ್ಲಿದೆ ಅಂತ ಹೇಳಬೇಕಾದರೆ ಭೂಮಿ ಈ ಕ್ಷಣ ಎಷ್ಟು ತಿರುಗಿದೆ, ಅದರ ಅಕ್ಷ ಎಷ್ಟು ಓಲಿದೆ ಅಂತ ಗೊತ್ತಿರಬೇಕು. ಭೂಮಿಯ ತಿರುಗಾಟ ಗಡಿಯಾರದಷ್ಟು ಕರಾರುವಾಕ್ಕಲ್ಲ. ಅಳೆಯಲು ಅಲುಗಾಡದ ಗುರುತು ಬೇಕು. ನಕ್ಷತ್ರಗಳು ಸರಿಯುತ್ತವೆ. ಕ್ವೇಸಾರ್‌ಗಳು ಎಷ್ಟು ದೂರ ಅಂದರೆ ಸರಿಯುವುದು ಗೊತ್ತೇ ಆಗುವುದಿಲ್ಲ. 2019ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಚೌಕಟ್ಟಿನಲ್ಲಿ ಇಂಥ 4,536 ಮೂಲಗಳಿವೆ, ಅವುಗಳಲ್ಲಿ 303 ಮುಖ್ಯ ಗುರುತುಗಳು. ಖಂಡ ಖಂಡಗಳ ರೇಡಿಯೋ ಟೆಲಿಸ್ಕೋಪುಗಳು ಒಟ್ಟಿಗೆ ಅವನ್ನು ನೋಡಿ ಭೂಮಿಯ ತಿರುಗಾಟ ಅಳೆಯುತ್ತವೆ. ಜಿಪಿಎಸ್ ಆಗಲಿ ನಾವಿಕ್ ಆಗಲಿ, ಆ ಅಳತೆ ಇಲ್ಲದೆ ನಡೆಯುವುದಿಲ್ಲ.

ಅರಸೀಕೆರೆ_ಎಕ್ಸ್‌ಪ್ರೆಸ್
ಇದು ನಿಜವಾಗಲೂ ಗೊತ್ತಿರಲಿಲ್ಲ ಮೇಷ್ಟ್ರೇ. ಥ್ಯಾಂಕ್ಸ್.

ಮಲೆನಾಡ_ಆಕಾಶ
ಬೆಳಕು ಎಲ್ಲಿಂದ ಅನ್ನುವುದು ಚೆನ್ನಾಗಿ ಅರ್ಥವಾಯಿತು. ಎರಡನೇ ಪ್ರಶ್ನೆ ಇನ್ನೂ ಬಾಕಿ. ಅನಿಲ ಬೇಕಾದಷ್ಟಿದ್ದರೆ ಕುಳಿ ಎಷ್ಟು ಬೇಕಾದರೂ ಬೇಗ ಬೆಳೆಯಬಹುದಲ್ಲ?

ಫಿಸಿಕ್ಸ್_ಮೇಷ್ಟ್ರು_ಹಾಸನ
ಇಲ್ಲ, ತಡೆ ಇದೆ. ಬೆಳಕಿಗೂ ಒತ್ತಡ ಇದೆ. ಒಳಗೆ ಬೀಳುವ ಅನಿಲ ಹೆಚ್ಚಾದರೆ ಬೆಳಕು ಹೆಚ್ಚುತ್ತದೆ, ಬೆಳಕು ಹೆಚ್ಚಾದರೆ ಅದು ಬೀಳುವ ಅನಿಲವನ್ನೇ ಹೊರಗೆ ತಳ್ಳುತ್ತದೆ. ಬೆಳಕು ತಳ್ಳುವುದು ಎಲೆಕ್ಟ್ರಾನನ್ನು, ಗುರುತ್ವ ಎಳೆಯುವುದು ಮುಖ್ಯವಾಗಿ ಪ್ರೋಟಾನನ್ನು, ಆದರೆ ವಿದ್ಯುತ್ ಬಲದಿಂದ ಎರಡೂ ಒಟ್ಟಿಗೇ ಇರುತ್ತವೆ. ತಳ್ಳುವುದೂ ಎಳೆಯುವುದೂ ಎರಡೂ ದೂರದ ವರ್ಗಕ್ಕೆ ತಕ್ಕಂತೆ ಕಡಿಮೆಯಾಗುತ್ತವೆ. ಆದ್ದರಿಂದ ಹತ್ತಿರ ನಿಂತರೂ ದೂರ ನಿಂತರೂ ಮಿತಿ ಒಂದೇ. ಇದೇ ಎಡಿಂಗ್ಟನ್ ಮಿತಿ. ಕುಳಿಯ ಒಂದೊಂದು ಸೂರ್ಯನ ತೂಕಕ್ಕೆ ಸುಮಾರು 33,000 ಸೂರ್ಯರ ಬೆಳಕು, ಅದಕ್ಕಿಂತ ಹೆಚ್ಚಾದರೆ ಅನಿಲ ಹಿಂದಕ್ಕೆ ಹೋಗುತ್ತದೆ. 3ಸಿ 273ಕ್ಕೆ ಲೆಕ್ಕ ಹಾಕಿದರೆ ಮಿತಿ 10 ಲಕ್ಷ ಕೋಟಿ ಸೂರ್ಯರು. ಅದು ಬೆಳಗುತ್ತಿರುವುದು 4 ಲಕ್ಷ ಕೋಟಿ. ಮಿತಿಯ ಒಳಗೇ ಇದೆ.

ಲೆಕ್ಕದ_ಪುಸ್ತಕ
ನಾನು ಭೌತಶಾಸ್ತ್ರ ಓದಿದವನಲ್ಲ, ಚಿಕ್ಕಮಗಳೂರಿನಲ್ಲಿ ಲೆಕ್ಕಪತ್ರ ನೋಡುವವನು. ಆದರೆ ಮೇಷ್ಟ್ರು ಹೇಳಿದ್ದು ಚಕ್ರಬಡ್ಡಿಯೇ. ಕುಳಿ ದೊಡ್ಡದಾದಷ್ಟೂ ಮಿತಿ ಅದೇ ಪ್ರಮಾಣದಲ್ಲಿ ದೊಡ್ಡದಾಗುತ್ತದೆ. ಅಂದರೆ ಅಸಲು ಎಷ್ಟೇ ಇರಲಿ, ಎರಡರಷ್ಟಾಗುವ ಅವಧಿ ಒಂದೇ. 10% ಲೆಕ್ಕದಲ್ಲಿ ಆ ಅವಧಿ ಎಷ್ಟು ಅಂತ ಹೇಳಿ, ಉಳಿದದ್ದು ನಾನು ಮಾಡುತ್ತೇನೆ.

ಬೇಲೂರು_ಹುಡುಗಿ
ಸುಮಾರು 3.5 ಕೋಟಿ ವರ್ಷ ಸರ್. ಮೊದಲ ನಕ್ಷತ್ರಗಳು ಸತ್ತು ಉಳಿದ ಕುಳಿ 100 ಸೂರ್ಯರಷ್ಟು ಅಂತ ಇಟ್ಟುಕೊಳ್ಳಿ.

ಲೆಕ್ಕದ_ಪುಸ್ತಕ
ಹಾಗಾದರೆ ನೋಡಿ. 100ರಿಂದ 80 ಕೋಟಿಗೆ ಹೋಗಬೇಕು, 80 ಲಕ್ಷ ಪಟ್ಟು. ಎರಡರಷ್ಟು, ಎರಡರಷ್ಟು ಮಾಡುತ್ತಾ ಹೋದರೆ 23ನೇ ಸಲಕ್ಕೆ 83.9 ಲಕ್ಷ. 23 ಸಲ ಅಂದರೆ 23 × 3.5 = 80.5 ಕೋಟಿ ವರ್ಷ. ಇರುವುದು 69 ಕೋಟಿ. ಅದರಲ್ಲೂ ಮೊದಲ ನಕ್ಷತ್ರ ಹುಟ್ಟುವುದಕ್ಕೇ 10-20 ಕೋಟಿ ವರ್ಷ ಹೋಗುತ್ತದೆ ಅನ್ನುತ್ತೀರಿ. ಲೆಕ್ಕ ಕೂಡುವುದಿಲ್ಲ. ಒಂದು ದಿನವೂ ಊಟ ಬಿಡದೆ, ಮಿತಿಯ ತುದಿಯಲ್ಲೇ ತಿಂದರೂ ಕೂಡುವುದಿಲ್ಲ.

ಮಲೆನಾಡ_ಆಕಾಶ
ಇದೇ! ಇದೇ ನನಗೆ ಬೇಕಾಗಿದ್ದದ್ದು. ಎಲ್ಲರೂ "ತುಂಬಾ ಬೇಗ ಬೆಳೆದಿದೆ" ಅಂತ ಬರೆಯುತ್ತಾರೆ, ಎಷ್ಟು ಬೇಗ, ಎಷ್ಟು ಸಾಲದು ಅಂತ ಯಾರೂ ಹೇಳಿರಲಿಲ್ಲ.

ಹೇಮಾವತಿ_ದಂಡೆ
10% ಅಂತ ಯಾಕೆ ಹಿಡಿಯಬೇಕು? ಅಲ್ಲೇ ಇರುವುದು ಕೀಲಿ. ತಿರುಗದ ಕುಳಿಗೆ 6% ಅಂತ ಮೇಷ್ಟ್ರೇ ಹೇಳಿದರು. ಬೆಳಕಾಗಿ ಹೋಗುವುದು ಕಡಿಮೆಯಾದರೆ ಅದೇ ಬೆಳಕಿನ ಮಿತಿಯಲ್ಲಿ ಜಾಸ್ತಿ ಅನಿಲ ಒಳಗೆ ಹೋಗುತ್ತದೆ. ಆಗ ಎರಡರಷ್ಟಾಗಲು 2 ಕೋಟಿ ವರ್ಷ ಸಾಕು. 23 × 2 = 46 ಕೋಟಿ. ಕೂಡಿತಲ್ಲ!

ಬೇಲೂರು_ಹುಡುಗಿ
ಕಾಗದದ ಮೇಲೆ ಕೂಡುತ್ತದೆ. ಆದರೆ ಕುಳಿ ತಿರುಗದೇ ಉಳಿಯಬೇಕಲ್ಲ? ತಟ್ಟೆಯ ಅನಿಲ ತಿರುಗುತ್ತಲೇ ಒಳಗೆ ಹೋಗುತ್ತದೆ, ಆ ತಿರುಗುವಿಕೆಯನ್ನು ಕುಳಿಗೆ ಕೊಡುತ್ತದೆ. ಒಂದೇ ದಿಕ್ಕಿನಿಂದ ತಿನ್ನುತ್ತಾ ಹೋದರೆ ಬೇಗನೇ ಪೂರ್ತಿ ವೇಗಕ್ಕೆ ಬರುತ್ತದೆ ಅಂತ ಬಾರ್ಡೀನ್ 1970ರಲ್ಲೇ ತೋರಿಸಿದ್ದಾರೆ. ವೇಗ ಹೆಚ್ಚಾದರೆ 30%, 40%. ಆಗ ಎರಡರಷ್ಟಾಗಲು 13 ಕೋಟಿ ವರ್ಷಕ್ಕೂ ಜಾಸ್ತಿ ಬೇಕು, ಇನ್ನೂ ಕೆಟ್ಟಿತು.

ಹೇಮಾವತಿ_ದಂಡೆ
ಒಂದೇ ದಿಕ್ಕಿನಿಂದ ತಿಂದರೆ ಮಾತ್ರ. ಒಂದು ಸಲ ಈ ಕಡೆಯಿಂದ, ಇನ್ನೊಂದು ಸಲ ಆ ಕಡೆಯಿಂದ ಅನಿಲ ಬಂದರೆ ತಿರುಗುವಿಕೆ ಪರಸ್ಪರ ಕಳೆಯುತ್ತದೆ. ಕಿಂಗ್ ಮತ್ತು ಪ್ರಿಂಗಲ್ 2006ರಲ್ಲಿ ಇದನ್ನೇ ಹೇಳಿದ್ದು.

ಬೇಲೂರು_ಹುಡುಗಿ
ಸಾಧ್ಯ ಇದೆ. ಆದರೆ 100 ಸೂರ್ಯರ ಕುಳಿ ಎಲ್ಲಿ ಹುಟ್ಟುತ್ತದೆ ನೋಡಿ. ಅದರ ಪಕ್ಕದ ನಕ್ಷತ್ರಗಳು ಸಿಡಿದು ಸುತ್ತಲ ಅನಿಲವನ್ನು ಹೊರಗೆ ಊದಿಬಿಡುತ್ತವೆ. ಹುಟ್ಟಿದ ತಕ್ಷಣ ಉಪವಾಸ. 46 ಕೋಟಿ ವರ್ಷ ಒಂದೇ ಸಮನೆ ತಿನ್ನಲು ಅಲ್ಲಿ ಏನೂ ಇರುವುದಿಲ್ಲ. ನಿಮ್ಮ ಲೆಕ್ಕದ ದುರ್ಬಲ ಜಾಗ ಅದು.

ಮೂಡಿಗೆರೆ_ಮಳೆ
ಮಧ್ಯೆ ಬರುತ್ತಿದ್ದೇನೆ, ಮಲೆನಾಡ_ಆಕಾಶ ಅವರಿಗೆ ಒಂದು ಮಾತು. ಏಪ್ರಿಲ್‌ನಲ್ಲಿ ಹೂಮಳೆ ಬಂದರೆ ವಾರಗಟ್ಟಲೆ ಮೋಡ. ಮಾರ್ಚ್‌ನಲ್ಲೇ ಅಮಾವಾಸ್ಯೆ ನೋಡಿ ಇಟ್ಟುಕೊಳ್ಳಿ. ತೋಟದೊಳಗೆ ರಾತ್ರಿ ಒಬ್ಬರೇ ಕೂರಬೇಡಿ. ಆನೆ ಎಲ್ಲಿದೆ ಅಂತ ಬರುವ ಮೆಸೇಜ್ ನೋಡಿಯೇ ಹೊರಡಿ. ನಮ್ಮ ಕಡೆ ಇದು ಹುಡುಗಾಟದ ವಿಷಯ ಅಲ್ಲ.

ಕಡೂರು_ಬಯಲು
ನಮ್ಮ ಕಡೂರು ಕಡೆ ಬನ್ನಿ. ಬೆಟ್ಟದ ಈಚೆ ಮೋಡ ಕಡಿಮೆ, ಆಕಾಶ ಅಂಚಿನ ತನಕ ಬಿಚ್ಚಿರುತ್ತದೆ. ನಾನು 3ಸಿ 273 ನೋಡಿದ್ದೇನೆ, ಹೇಗೆ ಅಂತ ಹೇಳುತ್ತೇನೆ.

ಮೊದಲು ಕನ್ಯಾ ರಾಶಿಯ ಪೊರಿಮಾ ನಕ್ಷತ್ರ ಹಿಡಿಯಿರಿ. ಅಲ್ಲಿಂದ ವಾಯವ್ಯಕ್ಕೆ ಸುಮಾರು 5 ಡಿಗ್ರಿ. ನಮ್ಮ ಊರುಗಳಿಂದ ಅದು ದಕ್ಷಿಣದಲ್ಲಿ 79 ಡಿಗ್ರಿ ಎತ್ತರಕ್ಕೆ, ಹೆಚ್ಚುಕಡಿಮೆ ನೆತ್ತಿಗೆ ಬರುತ್ತದೆ. ಮಾರ್ಚ್ ಕೊನೆಯಲ್ಲಿ ಮಧ್ಯರಾತ್ರಿ ಹೊತ್ತಿಗೆ. ಡಾಬ್ಸೋನಿಯನ್ ಥರದ ಟೆಲಿಸ್ಕೋಪನ್ನು ನೆತ್ತಿಯ ಹತ್ತಿರ ತಿರುಗಿಸುವುದು ಕಿರಿಕಿರಿ, ಆದ್ದರಿಂದ ಅದಕ್ಕೆ ಒಂದೂವರೆ ಗಂಟೆ ಮುಂಚೆ ಶುರು ಮಾಡಿ. ಅದರ ಹೊಳಪು 12.9 ಮ್ಯಾಗ್ನಿಟ್ಯೂಡ್ (ಈ ಅಂಕಿ ಹೆಚ್ಚಾದಷ್ಟೂ ಮಂಕು). ಅಕ್ಕಪಕ್ಕ ಅಷ್ಟೇ ಮಂಕಾದ ನಕ್ಷತ್ರಗಳಿವೆ, ಯಾವುದು ಯಾವುದು ಅಂತ ನಕ್ಷೆ ಇಲ್ಲದೆ ಗೊತ್ತಾಗುವುದಿಲ್ಲ. ನಕ್ಷೆ ಮುದ್ರಿಸಿಕೊಂಡು, ಟಾರ್ಚಿಗೆ ಕೆಂಪು ಕಾಗದ ಸುತ್ತಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಅರ್ಧ ಗಂಟೆ ಬಿಡಿ. ನೇರವಾಗಿ ನೋಡಿದರೆ ಮಾಯ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಕಾಣುತ್ತದೆ. ಮಬ್ಬು ನೀಲಿ ಚುಕ್ಕಿ, ಅಷ್ಟೇ. ಇಬ್ಬನಿಗೆ ಐಪೀಸ್ ಮೇಲೆ ಮಂಜು ಕೂರುತ್ತದೆ. ಉಸಿರು ತಾಗಿಸಬೇಡಿ, ಶರ್ಟಿನ ತುದಿಯಿಂದ ಒರೆಸಲೇಬೇಡಿ.

ಮಲೆನಾಡ_ಆಕಾಶ
ಇಷ್ಟು ವಿವರವಾಗಿ ಬರೆದದ್ದಕ್ಕೆ ತುಂಬಾ ಧನ್ಯವಾದ. ಕಡೂರಿಗೇ ಬರುತ್ತೇನೆ. ಇಲ್ಲಿ ಬೆಟ್ಟದ ಮೇಲೆ ರಾತ್ರಿಯಿಡೀ ಉರಿಯುವ ರೆಸಾರ್ಟ್ ದೀಪಗಳು ಜಾಸ್ತಿಯಾಗಿವೆ. ಆ ಬೆಳಕು ಕೆಳಗೆ ನೆಲಕ್ಕೆ ಬೀಳುವ ಹಾಗೆ ಮುಚ್ಚಳ ಹಾಕಿದರೆ ಸಾಕು, ಕರೆಂಟೂ ಉಳಿಯುತ್ತದೆ, ಆಕಾಶವೂ ಉಳಿಯುತ್ತದೆ.

ಸಾಲಗಾಮೆ_ರೋಡ್
ಹಾಸನದಲ್ಲೂ ಅದೇ ಕತೆ. ಹತ್ತು ವರ್ಷದ ಹಿಂದೆ ಮನೆ ಮಾಳಿಗೆಯಿಂದ ಆಕಾಶಗಂಗೆ ಕಾಣುತ್ತಿತ್ತು. ಈಗ ಬೇಲೂರು ರಸ್ತೆಯಲ್ಲಿ ಊರು ದಾಟಿ ದೂರ ಹೋಗಬೇಕು.

ಅಡ್ಮಿನ್
ದೀಪದ ವಿಷಯಕ್ಕೆ ಬೇರೆ ಎಳೆ ತೆರೆದಿದ್ದೇನೆ, ಅಲ್ಲಿ ಮುಂದುವರಿಸಿ. ಇಲ್ಲಿ ಕಪ್ಪುಕುಳಿ ಮಾತಾಡೋಣ.

ಬೇಲೂರು_ಹುಡುಗಿ
ಎಲ್ಲಿದ್ದೆವು? ಲೆಕ್ಕ ಕೂಡದೇ ಇದ್ದದ್ದು. ಇನ್ನೊಂದು ದಾರಿ ಇದೆ, ನನಗೆ ಅದೇ ಸರಿ ಅನ್ನಿಸುತ್ತದೆ. ಶುರುವಿನ ಬೀಜವೇ ದೊಡ್ಡದಿತ್ತು. ಮೊದಮೊದಲ ಕಾಲದಲ್ಲಿ ಅನಿಲ ಶುದ್ಧ ಹೈಡ್ರೋಜನ್-ಹೀಲಿಯಂ. ಪಕ್ಕದ ಗ್ಯಾಲಕ್ಸಿಯ ಬೆಳಕು ಅದರಲ್ಲಿನ ಹೈಡ್ರೋಜನ್ ಅಣುಗಳನ್ನು ಒಡೆದರೆ ಅನಿಲ ಬೇಗ ತಣಿಯುವುದಿಲ್ಲ. ತಣಿಯದೇ ಇದ್ದರೆ ಚೂರು ಚೂರಾಗಿ ನಕ್ಷತ್ರ ಆಗುವುದಿಲ್ಲ. ಇಡೀ ಮೋಡವೇ ಒಟ್ಟಾಗಿ ಕುಸಿದು 10 ಸಾವಿರದಿಂದ 1 ಲಕ್ಷ ಸೂರ್ಯರ ಕುಳಿ ಆಗಬಹುದು. ಲೆಕ್ಕದ_ಪುಸ್ತಕ ಸರ್, ಲಕ್ಷದಿಂದ ಶುರು ಮಾಡಿ ನೋಡಿ.

ಲೆಕ್ಕದ_ಪುಸ್ತಕ
1 ಲಕ್ಷದಿಂದ 80 ಕೋಟಿಗೆ 8,000 ಪಟ್ಟು. 13 ಸಲ ಎರಡರಷ್ಟಾದರೆ 8,192. 13 × 3.5 = 45.5 ಕೋಟಿ ವರ್ಷ. 69ರಲ್ಲಿ ಕಳೆದರೆ 23.5 ಕೋಟಿ ಉಳಿಯಿತು, ಬೀಜ ಹುಟ್ಟುವುದಕ್ಕೆ. ಕೂಡುತ್ತದೆ.

ಹೇಮಾವತಿ_ದಂಡೆ
ಕೂಡುತ್ತದೆ, ಆದರೆ ಅಂಥ ಮೋಡ ಸಿಗುವುದು ಅಪರೂಪ. ಪಕ್ಕದ ಗ್ಯಾಲಕ್ಸಿ ಸರಿಯಾದ ದೂರದಲ್ಲಿರಬೇಕು, ಸರಿಯಾದ ಹೊತ್ತಿಗೆ ಬೆಳಗಬೇಕು. ನಾನು ಎಡಿಂಗ್ಟನ್ ಮಿತಿಯನ್ನೇ ಪ್ರಶ್ನಿಸುತ್ತೇನೆ. ಆ ಮಿತಿ ಎಲ್ಲ ಕಡೆಯಿಂದ ಸಮನಾಗಿ ಬೀಳುವ ಅನಿಲಕ್ಕೆ ಬರೆದದ್ದು. ತಟ್ಟೆ ದಪ್ಪಗಿದ್ದರೆ ಬೆಳಕು ಅನಿಲದೊಳಗೇ ಸಿಕ್ಕಿಹಾಕಿಕೊಂಡು ಅನಿಲದ ಜೊತೆ ಕುಳಿಗೆ ಬೀಳುತ್ತದೆ, ಉಳಿದದ್ದು ಮೇಲೆ ಕೆಳಗೆ ತಪ್ಪಿಸಿಕೊಳ್ಳುತ್ತದೆ. ಪಕ್ಕದಿಂದ ಅನಿಲ ಬರುತ್ತಲೇ ಇರುತ್ತದೆ. ಸುಮ್ನೆ ಕಲ್ಪನೆ ಅಲ್ಲ ಇದು. 2024ರಲ್ಲಿ ಜೇಮ್ಸ್ ವೆಬ್ ಟೆಲಿಸ್ಕೋಪ್‌ನಲ್ಲಿ ನೋಡಿದ ಎಲ್‌ಐಡಿ-568 ಅನ್ನುವ ಕುಳಿ ಮಿತಿಯ ಸುಮಾರು 40 ಪಟ್ಟು ತಿನ್ನುತ್ತಿತ್ತು.

ಬೇಲೂರು_ಹುಡುಗಿ
ಅದು ಮಹಾಸ್ಫೋಟ ಆಗಿ 150 ಕೋಟಿ ವರ್ಷದ ನಂತರದ್ದು, ಮತ್ತು ಅಂಥ ಊಟ ಎಷ್ಟು ಕಾಲ ನಡೆಯುತ್ತದೆ ಅನ್ನುವುದೇ ಪ್ರಶ್ನೆ. ಅಷ್ಟು ತಿಂದರೆ ಹೊರಬರುವ ಗಾಳಿಯೇ ಊಟದ ದಾರಿ ಮುಚ್ಚುತ್ತದೆ. ನನ್ನ ಕಡೆಗೂ ಸಾಕ್ಷಿ ಇದೆ. ಯುಎಚ್‌ಝಡ್1 ಅನ್ನುವ ಗ್ಯಾಲಕ್ಸಿ ನೋಡಿ, 2023. ಮಹಾಸ್ಫೋಟ ಆಗಿ 47 ಕೋಟಿ ವರ್ಷಕ್ಕೇ ಅಲ್ಲಿಂದ ಹೊರಟ ಎಕ್ಸ್-ರೇ ನಾಸಾದ "ಚಂದ್ರ" ಟೆಲಿಸ್ಕೋಪಿಗೆ ಸಿಕ್ಕಿತು. ಕುಳಿಯ ತೂಕ ಸುತ್ತಲ ನಕ್ಷತ್ರಗಳ ಒಟ್ಟು ತೂಕದ ಹತ್ತಿರ ಹತ್ತಿರ. ನಮ್ಮ ಅಕ್ಕಪಕ್ಕದ ಗ್ಯಾಲಕ್ಸಿಗಳಲ್ಲಿ ಅದು ಸಾವಿರಕ್ಕೆ ಒಂದು ಭಾಗ ಇರುತ್ತದೆ. ದೊಡ್ಡ ಬೀಜ ಇದ್ದರೆ ಹೀಗೇ ಕಾಣಬೇಕು ಅಂತ ಪ್ರಿಯಂವದಾ ನಟರಾಜನ್ ಮತ್ತು ಜೊತೆಗಾರರು ಮುಂಚೆಯೇ ಹೇಳಿದ್ದರು.

ಮಲೆನಾಡ_ಆಕಾಶ
ಹಾಗಾದರೆ ಜೇಮ್ಸ್ ವೆಬ್ ತೋರಿಸಿದ ಆ "ಪುಟ್ಟ ಕೆಂಪು ಚುಕ್ಕಿ"ಗಳು? ಅವೂ ಬೆಳೆಯುತ್ತಿರುವ ಕುಳಿಗಳೇ?

ಬೇಲೂರು_ಹುಡುಗಿ
ಬಹಳಷ್ಟು ಜನ ಹಾಗೇ ನಂಬುತ್ತಾರೆ. ಅಗಲವಾದ ಗೆರೆಗಳಿವೆ, ಅಂದರೆ ಅನಿಲ ವೇಗವಾಗಿ ಓಡುತ್ತಿದೆ. ಆದರೆ ಎಕ್ಸ್-ರೇ ಬಹುತೇಕ ಕಾಣುವುದಿಲ್ಲ, ಏರಿಳಿತವೂ ಕಡಿಮೆ. ದಟ್ಟ ಅನಿಲದ ಹೊದಿಕೆಯೊಳಗೆ ಕುಳಿ ಕೂತಿದೆ, ಆ ಹೊದಿಕೆಯೇ ಎಕ್ಸ್-ರೇ ನುಂಗಿ ಕೆಂಪಾಗಿ ಹೊಳೆಯುತ್ತಿದೆ ಅನ್ನುವುದು ಈಗ ಬಲವಾಗುತ್ತಿರುವ ಮಾತು. ಒಂದರ ಸುತ್ತಲ ಅನಿಲದ ವೇಗವನ್ನು 2025ರಲ್ಲಿ ನೇರವಾಗಿ ಅಳೆದರು. ಅಬೆಲ್ 2744-ಕ್ಯೂಎಸ್‌ಒ1 ಅಂತ. ಸುಮಾರು 5 ಕೋಟಿ ಸೂರ್ಯರ ಕುಳಿ, ಸುತ್ತ ಗ್ಯಾಲಕ್ಸಿ ಅನ್ನುವಷ್ಟು ನಕ್ಷತ್ರಗಳೇ ಇಲ್ಲ.

ಹೇಮಾವತಿ_ದಂಡೆ
ದಟ್ಟ ಹೊದಿಕೆ ಅಂದರೆ ಮಿತಿ ಮೀರಿ ತಿನ್ನಲು ಬೇಕಾದ ಅನಿಲ ಅಲ್ಲೇ ಇದೆ ಅಂತಲೂ ಆಯಿತು. ನನ್ನ ವಾದಕ್ಕೂ ಬಲ ಬಂತು.

ಫಿಸಿಕ್ಸ್_ಮೇಷ್ಟ್ರು_ಹಾಸನ
ಇಬ್ಬರ ವಾದವೂ ಚೆನ್ನಾಗಿದೆ. ಎರಡೂ ಒಟ್ಟಿಗೆ ನಡೆದಿರಲೂಬಹುದು. ಒಂದು ಮಾತು ಸೇರಿಸುತ್ತೇನೆ. ಒಟ್ಟಾರೆ ಕುಳಿಗಳು ತಮ್ಮ ತೂಕವನ್ನು ಎಲ್ಲಿ ಗಳಿಸಿದವು ಅನ್ನುವುದರ ಬಗ್ಗೆ ಅಂಥ ಜಗಳ ಇಲ್ಲ. 1982ರಲ್ಲಿ ಸೋಲ್ಟನ್ ಒಂದು ಸರಳ ಲೆಕ್ಕ ಹಾಕಿದರು. ಎಲ್ಲ ಕಾಲದ ಕ್ವೇಸಾರ್‌ಗಳ ಬೆಳಕನ್ನು ಕೂಡಿಸಿ, 10% ಹಿಡಿದು, ಎಷ್ಟು ದ್ರವ್ಯ ಒಳಗೆ ಹೋಗಿರಬೇಕು ಅಂತ ಕೇಳಿದರು. ಇವತ್ತು ಸುತ್ತಲಿನ ಗ್ಯಾಲಕ್ಸಿಗಳಲ್ಲಿ ನಿದ್ದೆ ಮಾಡುತ್ತಿರುವ ಕುಳಿಗಳ ಒಟ್ಟು ತೂಕ ಆ ಉತ್ತರಕ್ಕೆ ಸರಿಸುಮಾರು ಹೊಂದುತ್ತದೆ. ಅಂದರೆ ಕುಳಿಗಳ ಬಹುಪಾಲು ತೂಕ ನಮಗೆ ಕಾಣುವ ಹಾಗೆ ಹೊಳೆಯುತ್ತಲೇ ಬಂದದ್ದು. ಕ್ವೇಸಾರ್ ಅಂದರೆ ಬೇರೆ ಯಾವುದೋ ವಿಚಿತ್ರ ವಸ್ತು ಅಲ್ಲ, ಕಪ್ಪುಕುಳಿ ಬೆಳೆಯುವ ಹೊತ್ತು.

ಮೂಡಿಗೆರೆ_ಮಳೆ
ಎರಡು ಗ್ಯಾಲಕ್ಸಿ ಡಿಕ್ಕಿ ಹೊಡೆದರೆ ಎರಡು ಕುಳಿಗಳೂ ಸೇರುತ್ತವಲ್ಲ? ಹಾಗೂ ಬೆಳೆಯಬಹುದು ತಾನೇ?

ಸಾಲಗಾಮೆ_ರೋಡ್
ಹೌದು, ಅದಕ್ಕೆ ನಮ್ಮ ದೇಶದ ಪಾಲೂ ಇದೆ. 2023ರ ಜೂನ್‌ನಲ್ಲಿ ಬಂದ ಸುದ್ದಿ ಅದು. ಪುಣೆ ಹತ್ತಿರದ ಖೋಡದ್‌ನಲ್ಲಿ 30 ದೊಡ್ಡ ಡಿಶ್ ಇರುವ ರೇಡಿಯೋ ಟೆಲಿಸ್ಕೋಪ್ ಜಿಎಂಆರ್‌ಟಿ ಇದೆಯಲ್ಲ, ಅದರಿಂದ ಗಡಿಯಾರದ ಹಾಗೆ ಮಿಡಿಯುವ ಸತ್ತ ನಕ್ಷತ್ರಗಳಾದ ಪಲ್ಸಾರ್‌ಗಳ ಸಮಯ ಅಳೆದು ಯುರೋಪಿನವರ ಅಳತೆ ಜೊತೆ ಸೇರಿಸಿದರು. ಜೋಡಿ ಕುಳಿಗಳಿಂದ ಬರುವ ಗುರುತ್ವ ಅಲೆಗಳ ಒಟ್ಟು ಸದ್ದಿನ ಸುಳಿವು ಸಿಕ್ಕಿತು. ಅಲ್ಲಿ ಸಿಗುವುದು ನೂರು ಕೋಟಿ ಸೂರ್ಯರ ಗಾತ್ರದವು.

ಮಲೆನಾಡ_ಆಕಾಶ
ಹಾಗಾದರೆ ಬೀಜ ದೊಡ್ಡದಿತ್ತೋ, ಊಟ ಜಾಸ್ತಿಯಾಯಿತೋ ಅಂತ ತೀರ್ಮಾನ ಆಗುವುದು ಹೇಗೆ? ಮಹಾರಾಷ್ಟ್ರದ ಹಿಂಗೋಲಿಯಲ್ಲಿ ಕಟ್ಟುತ್ತಿರುವ, ಗುರುತ್ವ ಅಲೆ ಹಿಡಿಯುವ ಲಿಗೋದಲ್ಲಿ ಗೊತ್ತಾಗುತ್ತದಾ?

ಬೇಲೂರು_ಹುಡುಗಿ
ಲಿಗೋದಲ್ಲಿ ಆಗುವುದಿಲ್ಲ. 4 ಕಿಲೋಮೀಟರ್ ತೋಳಿನ ಯಂತ್ರಕ್ಕೆ ಹತ್ತಾರು, ನೂರಾರು ಸೂರ್ಯರ ಜೋಡಿ ಸಿಗುತ್ತದೆ. ಲಕ್ಷ ಸೂರ್ಯರ ಜೋಡಿಯ ಅಲೆ ತುಂಬಾ ನಿಧಾನ, ನೆಲದ ಅದುರಾಟದಲ್ಲಿ ಮುಚ್ಚಿಹೋಗುತ್ತದೆ. ಅದಕ್ಕೆ ಯುರೋಪಿನ ಲೀಸಾ ಬೇಕು. 2024ರ ಜನವರಿಯಲ್ಲಿ ಒಪ್ಪಿಗೆ ಸಿಕ್ಕಿದೆ, ಹಾರಿಸುವುದು 2035ಕ್ಕೆ ಅಂತ ಯೋಜನೆ. ಒಂದಕ್ಕೊಂದು 25 ಲಕ್ಷ ಕಿಲೋಮೀಟರ್ ದೂರದ ಮೂರು ನೌಕೆಗಳು. ಆ ಮೊದಲ ಕಾಲದಲ್ಲಿ ಸೇರಿದ ಕುಳಿಗಳ ತೂಕ ಅಲೆಯಲ್ಲೇ ಬರೆದಿರುತ್ತದೆ. ಸಾವಿರಾರು ಸೂರ್ಯರ ತೂಕದವು ತುಂಬಾ ಸಿಕ್ಕರೆ ಚಿಕ್ಕ ಬೀಜದವರು ಗೆದ್ದರು, ಲಕ್ಷಕ್ಕಿಂತ ಕೆಳಗೆ ಏನೂ ಸಿಗದಿದ್ದರೆ ನಾನು ಗೆದ್ದೆ.

ಫಿಸಿಕ್ಸ್_ಮೇಷ್ಟ್ರು_ಹಾಸನ
ಸೇರಿದ ಮೇಲೆ ಹೊಸ ಕುಳಿ ನಡುಗಿ ನಿಲ್ಲುವ ರೀತಿಯಿಂದಲೇ ಅದರ ತೂಕ ಮತ್ತು ತಿರುಗುವಿಕೆ ಎರಡೂ ಸಿಗುತ್ತವೆ. ಆ ನಡುಕವನ್ನು 1970ರಲ್ಲಿ ಮೊದಲು ಲೆಕ್ಕ ಹಾಕಿದವರು ನಮ್ಮ ಬೆಂಗಳೂರಿನ ಸಿ.ವಿ. ವಿಶ್ವೇಶ್ವರ. ಅಲ್ಲಿನ ನೆಹರೂ ತಾರಾಲಯ ಕಟ್ಟಿ ಬೆಳೆಸಿದವರೂ ಅವರೇ. ಹೇಮಾವತಿ_ದಂಡೆ, ನಿಮ್ಮ ತಿರುಗದ ಕುಳಿಯ ವಾದಕ್ಕೂ ಅಲ್ಲೇ ಉತ್ತರ ಸಿಗುತ್ತದೆ.

ಹೇಮಾವತಿ_ದಂಡೆ
2035ರ ತನಕ ವಾದ ಬಿಡುವುದಿಲ್ಲ ಮೇಷ್ಟ್ರೇ. ಕಡೂರಿಗೆ ಯಾವಾಗ ಹೊರಡುವುದು ಅಂತ ದಿನ ಹಾಕಿ, ನಾನೂ ಬರುತ್ತೇನೆ.